ಮೂಳೆ ಕೂರಿಸುವುದಾ, ಕೂಡಿಸುವುದಾ?

ಎಲ್ಲರಿಗೂ ನಮಸ್ಕಾರ.

ನಮ್ಮ ಚಿಕ್ಕಪ್ಪ ಮಂಡ್ಯದ ಹತ್ತಿರ ನಾಲೆ ಏರಿ ಮೇಲೆ ಬೈಕಿನಿಂದ ಬಿದ್ದು ಮೊಣಕಾಲ ಕೆಳಗೆ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಕೊಟ್ಟ ಕನ್ನಡದ ಚೀಟಿಯಲ್ಲಿ ‘ಮುರಿತದ ಕಡಿತ ಮಾಡಲಾಗಿದೆ’ ಅಂತ ಇತ್ತು. ವಾಟ್ಸಾಪಿನಲ್ಲಿ ಅದನ್ನು ನೋಡಿ ಊರಲ್ಲಿದ್ದ ನಮ್ಮತ್ತೆ ‘ಅಯ್ಯೋ, ಕಾಲು ಕಡ್ದ್‌ಬುಟ್ರಾ!’ ಅಂತ ಗೋಳಾಡಿಬಿಟ್ಟರು.

ಯಾರೋ ರಿಡಕ್ಷನ್ ಅನ್ನುವ ಮಾತಿಗೆ ನಿಘಂಟಿನಲ್ಲಿ ಮೊದಲು ಸಿಕ್ಕ ಅರ್ಥ ಹಾಕಿದ್ದಾರೆ. ಲ್ಯಾಟಿನ್ ಮೂಲದಲ್ಲಿ ಅದು ‘ಹಿಂದಕ್ಕೆ ಕರೆತರು’. ಜರುಗಿದ ಮೂಳೆಯನ್ನು ಅದರ ಜಾಗಕ್ಕೆ ತರುವುದು, ಅಷ್ಟೇ. ಇದಕ್ಕೆ ನಮ್ಮಲ್ಲಿ ‘ಕೂರಿಸು’ ಇದೆ ಅಲ್ವಾ? ಭುಜ ಜಾರಿದರೆ ‘ಎಳೆದು ಕೂರಿಸಿದ್ರು’ ಅಂತೀವಿ. ಬಾಗಿಲ ಚೌಕಟ್ಟನ್ನೂ ಗಣಪತಿಯನ್ನೂ ಕೂರಿಸುವವರು ನಾವು.

ಧಾರವಾಡದ ಗೆಳೆಯರೊಬ್ಬರು ‘ಕೂಡಿಸು’ ಅಂದರೆ ಸಾಕು ಅಂದರು. ಅವರ ಕಡೆ ‘ಬರ್ರಿ, ಕೂಡ್ರಿ’ ಅಂದರೆ ಕುಳಿತುಕೊಳ್ಳಿ ಅಂತ. ನಮಗೋ ಕೂಡಿಸು ಅಂದರೆ ಲೆಕ್ಕದ ಕೂಡಿಸು. ಇದನ್ನು ಸುಮ್ನೆ ಬಿಡುವ ಹಾಗಿಲ್ಲ. ಡಾಕ್ಟರು ಮೂಳೆ ಕೂರಿಸುತ್ತಾರೆ, ಕೂಡುವುದು ಮೂಳೆಯದೇ ಕೆಲಸ, ಅದಕ್ಕೆ ತಿಂಗಳುಗಳು ಬೇಕು. ಸರಿಯಾಗಿ ಕೂರದಿದ್ದರೆ ‘ಸೊಟ್ಟ ಕೂಡ್ಕೊಂಡಿದೆ’ ಅನ್ನುವುದನ್ನು ಎಲ್ಲರೂ ಕೇಳಿದ್ದೇವೆ. ಎರಡಕ್ಕೂ ಒಂದೇ ಪದ ಇಟ್ಟರೆ ಈ ವ್ಯತ್ಯಾಸವೇ ಹೋಗಿಬಿಡುತ್ತದೆ.

ಇನ್ನು ಚಿಕ್ಕಪ್ಪನ ಕಾಲಿಗೆ ಹಾಕಿರುವ ಸಾಧನದ ಹೆಸರು. ಚೀಟಿಯಲ್ಲಿ ‘ಬಾಹ್ಯ ಸ್ಥಿರೀಕಾರಕ’, ಮನೆಯಲ್ಲಿ ‘ರಿಂಗು’. 1950ರ ದಶಕದಲ್ಲಿ ಸೈಬೀರಿಯಾದ ಕುರ್ಗಾನಿನ ವೈದ್ಯ ಇಲಿಜರೋವ್ ರೂಪಿಸಿದ್ದು ಇದು. ಕಾಲ ಸುತ್ತ ಲೋಹದ ಬಳೆಗಳು, ಮೂಳೆಯನ್ನು ತೂರಿ ಹೋದ ತೆಳು ತಂತಿಗಳು, ಸೈಕಲ್ ಕಡ್ಡಿಯ ಹಾಗೆ ಬಿಗಿದುಕೊಂಡಿರುತ್ತವೆ. ಚಿಕ್ಕಪ್ಪನಿಗೆ ಮೂಳೆಯ ಚೂರೊಂದು ಹೋಗಿತ್ತು. ಹಾಗಾಗಿ ಅದೇ ಮೂಳೆಯನ್ನು ಇನ್ನೊಂದು ಜಾಗದಲ್ಲಿ ಕತ್ತರಿಸಿ, ನಿಧಾನವಾಗಿ ಎಳೆದು, ನಡುವೆ ಹೊಸ ಮೂಳೆ ಬೆಳೆಯುವ ಹಾಗೆ ಮಾಡುತ್ತಿದ್ದಾರೆ. ಚಿಕ್ಕಮ್ಮ ಹತ್ತನೇ ನಂಬರ್ ಸ್ಪ್ಯಾನರ್ ಹಿಡಿದು ದಿನಕ್ಕೆ 4 ಸಲ ನಟ್ಟು ತಿರುಗಿಸುತ್ತಾರೆ. ಒಂದು ಸಲಕ್ಕೆ 0.25 ಮಿ.ಮೀ., ದಿನಕ್ಕೆ 1 ಮಿ.ಮೀ. ಮರೆಯದಿರಲಿ ಅಂತ ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಗೀಟು ಹಾಕುತ್ತಾರೆ. ಆತುರಪಟ್ಟು ಜಾಸ್ತಿ ಎಳೆದರೆ ಹೊಸ ಮೂಳೆ ಸರಿಯಾಗಿ ಕಟ್ಟುವುದಿಲ್ಲ. ತೀರಾ ನಿಧಾನಿಸಿದರೆ ಮೊದಲೇ ಗಟ್ಟಿಯಾಗಿ ಎಳೆಯುವುದಕ್ಕೇ ಆಗುವುದಿಲ್ಲ. ಹೀಗೆ ಮೂಳೆ ಎಳೆಯುವ ಡಿಸ್ಟ್ರಾಕ್ಷನ್‌ಗೆ ಚೀಟಿ ಬರೆದವರು ‘ವಿಚಲನ’ ಅಂದಿದ್ದಾರೆ. ‘ಎಳೆತ’ ಸಾಲದೇ?

ಮೂಳೆಯನ್ನು ನೇರಕ್ಕೆ ತರುವ ಅಲೈನ್‌ಮೆಂಟ್‌ಗೆ ‘ಜೋಡಣೆ’ ಅಂತಿದೆ. ಇದೂ ನನಗೆ ಒಪ್ಪಿಗೆಯಿಲ್ಲ, ಜೋಡಿಸಿದ್ದು ಸೊಟ್ಟಗೂ ಇರಬಹುದು. ಚಿಕ್ಕಪ್ಪನನ್ನು ಕೇಳಿದರೆ ‘ಬೆಂಡು ತೆಗೀತಾವ್ರೆ ಕಣಪ್ಪ’ ಅಂದರು, ಸೈಕಲ್ ಶಾಪಿನಲ್ಲಿ ಚಕ್ರಕ್ಕೆ ಹೇಳುವ ಹಾಗೇ. ಬರಹದಲ್ಲಿ ಇದನ್ನೇ ಇಟ್ಟರೆ ಡಾಕ್ಟರುಗಳು ನಗುತ್ತಾರಾ? ದಬ್ಬೆ ಇಟ್ಟು ಕಟ್ಟು ಹಾಕುವ ನಾಟಿ ವೈದ್ಯರು ನಿಮ್ಮ ಕಡೆ ಇದಕ್ಕೆ ಏನಂತಾರೆ, ದಯವಿಟ್ಟು ಕೇಳಿ ತಿಳಿಸಿ.