ಇಫ್ ಪಕ್ಕದಲ್ಲಿ ವಿಲ್ ಬರೆದರೆ ಕೆಂಪು ಗೆರೆ ಬರುತ್ತಿದೆ, ಯಾಕೆ?

ತೊಗರಿನಾಡು (ಕಲಬುರಗಿ):
ಎಲ್ಲರಿಗೂ ನಮಸ್ಕಾರ. ಇಲ್ಲಿಯ ಬೇಳೆ ಮಿಲ್ ಒಂದರಲ್ಲಿ ಲೆಕ್ಕ, ಮೇಲ್ ಎಲ್ಲ ನಾನೇ ನೋಡುತ್ತೇನೆ. ನಮ್ಮ ತೊಗರಿಗೆ 2019ರಲ್ಲಿ ಜಿಐ ಗುರುತು (ಈ ಪ್ರದೇಶದ್ದೇ ವಿಶೇಷ ಅನ್ನುವ ಸರ್ಕಾರಿ ಮಾನ್ಯತೆ) ಸಿಕ್ಕಿದೆ, ಬೇರೆ ರಾಜ್ಯದವರೂ ಕೇಳಿ ತರಿಸುತ್ತಾರೆ. ಅವರಿಗೆಲ್ಲ ಇಂಗ್ಲಿಷಿನಲ್ಲೇ ಬರೆಯಬೇಕು. ಇವತ್ತಿನ ಮೇಲ್ ಇನ್ನೂ ಕಳಿಸಿಲ್ಲ. ಈ ಸಾಲುಗಳನ್ನು ನೋಡಿ ಹೇಳಿ:

"ಇಫ್ ದ ಪೇಮೆಂಟ್ ವಿಲ್ ಕಮ್ ಬೈ ಫ್ರೈಡೇ, ವಿ ವಿಲ್ ಲೋಡ್ ದ ಲಾರಿ."
"ವಿ ವಿಲ್ ಕವರ್ ದ ಬ್ಯಾಗ್ಸ್ ಇಫ್ ಇಟ್ ರೇನ್ಸ್."
"ಪೇ ಬೈ ಫ್ರೈಡೇ, ಆರ್ ಎಲ್ಸ್ ವಿ ವಿಲ್ ಕ್ಯಾನ್ಸಲ್ ದ ಆರ್ಡರ್."

ಮೊದಲನೆಯದರಲ್ಲಿ ಕಂಪ್ಯೂಟರ್ ಗೆರೆ ಎಳೆದು ವಿಲ್ ತೆಗೆಯಲು ಹೇಳುತ್ತಿದೆ. ಹಣ ಬರುವುದು ಇನ್ನು ಮುಂದೆ ತಾನೇ? ಕೊನೆಯದನ್ನು ಸಾಹುಕಾರರಿಗೆ ಓದಿದೆ. "ಹಳೇ ಗಿರಾಕಿ, ಬಿರುಸಾಗಬಾರದು. ಆದರೆ ಶುಕ್ರವಾರ ದಾಟಲೂಬಾರದು" ಅಂದರು.

ಬೀದರ್ ಮಾಸ್ತರ:
ಅಕ್ಕಾ, ಗೆರೆ ಸರಿಯಾಗಿಯೇ ಬಿದ್ದಿದೆ. ವಿಲ್ ತೆಗೆದು ಕಮ್ಸ್ ಹಾಕಿ.

ಸುಮ್ನೆ ನಿಯಮ ಅಂತ ಬಾಯಿಪಾಠ ಮಾಡಬೇಡಿ, ನಮ್ಮ ಮಾತನ್ನೇ ನೋಡಿ. "ಹಣ ಬಂದರೆ ಲಾರಿ ತುಂಬುತ್ತೇವೆ" ಅನ್ನುತ್ತೇವೆ, ಅಲ್ವಾ? ಹಣ ಬರುವುದು ಶುಕ್ರವಾರ. ಆದರೂ 'ಬಂದರೆ' ಹುಟ್ಟಿರುವುದು 'ಬಂದ' ಅನ್ನುವ ಆಗಿಹೋದ ರೂಪದಿಂದ. ಷರತ್ತಿನ ಕಡೆ ನಾವೂ ಮುಂದಿನ ಕಾಲ ಹಾಕುವುದಿಲ್ಲ, ಇಂಗ್ಲಿಷಿನವರೂ ಹಾಕುವುದಿಲ್ಲ. ಅವರು ಈಗಿನ ಕಾಲ ಹಾಕುತ್ತಾರೆ, ಅಷ್ಟೇ. ಮುಂದಿನ ಕಾಲ ಕಾಣುವುದು ಪರಿಣಾಮದ ಕಡೆ. ವೆನ್, ಅನ್ಟಿಲ್, ಆಸ್ ಸೂನ್ ಆಸ್ ಬಂದಾಗಲೂ ಹೀಗೇ.

"ಇಫ್ ಯು ವಿಲ್ ವೇಟ್ ಎ ಮಿನಿಟ್" ಅಂತ ಎಲ್ಲಾದರೂ ಕೇಳಿದರೆ ಗಲಿಬಿಲಿ ಬೇಡ. ಅದು ತಪ್ಪಲ್ಲ. ಅಲ್ಲಿ ವಿಲ್ ಕಾಲ ಹೇಳುವುದಿಲ್ಲ, ಮನಸ್ಸು ಕೇಳುತ್ತದೆ. ನಾವು "ನೀವು ಕಾಯುವುದಾದರೆ" ಅಂತ ಮರ್ಯಾದೆಯಿಂದ ಕೇಳುವ ಹಾಗೆ.

ಎರಡನೆಯದಕ್ಕೆ ಗೆರೆ ಬಂದಿಲ್ಲ, ಆದರೆ ನನಗೆ ಜಾಸ್ತಿ ಚಿಂತೆ ಅದರದ್ದೇ. ವ್ಯಾಕರಣ ಸರಿ, ಅರ್ಥ ನಿಮ್ಮದಲ್ಲ. ಮಳೆ ಶುರುವಾದರೆ ಮಾತ್ರ ತಾಡಪತ್ರಿ ಹೊದಿಸುತ್ತೇವೆ ಎಂದಾಗುತ್ತದೆ. ಅಷ್ಟರಲ್ಲಿ ಮೇಲಿನ ಚೀಲ ನೆನೆದಿರುತ್ತದೆ! ಮಳೆ ಬಂದೀತು ಅಂತ ಮೊದಲೇ ಹೊದಿಸುವುದಾದರೆ "ಇನ್ ಕೇಸ್ ಇಟ್ ರೇನ್ಸ್" ಬರೆಯಿರಿ.

ಕಚೇರಿ ಕಡತ (ಯಾದಗಿರಿ):
ಕೊನೆಯ ಸಾಲಿಗೆ ನಾನು ಹೇಳುತ್ತೇನೆ. ಆರ್ ಎಲ್ಸ್ ಬೆದರಿಕೆಯಾಗಿ ಕೇಳಿಸುತ್ತದೆ. ಮನೆಯಲ್ಲಿ ಮಕ್ಕಳಿಗೆ ಗದರಿಸುವಾಗ ಸರಿ, ಗಿರಾಕಿಗೆ ಬೇಡ. ಅದಕ್ಕೆ ಬದಲಾಗಿ ಫೇಲಿಂಗ್ ವಿಚ್ ಅಂತಲೂ ಹಾಕಬೇಡಿ. ನಮ್ಮ ಸರ್ಕಾರಿ ನೋಟಿಸಿನಲ್ಲಿ "ತಪ್ಪಿದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಅಂತ ಇರುತ್ತದಲ್ಲ, ಅದೇ ದನಿ. ಹೀಗೆ ಬರೆಯಿರಿ:

"ಅನ್‌ಲೆಸ್ ವಿ ರಿಸೀವ್ ದ ಪೇಮೆಂಟ್ ಬೈ ಫ್ರೈಡೇ, ವಿ ವಿಲ್ ಹ್ಯಾವ್ ಟು ಕ್ಯಾನ್ಸಲ್ ದ ಆರ್ಡರ್."

ಹ್ಯಾವ್ ಟು ಸೇರಿದ್ದಕ್ಕೆ "ರದ್ದು ಮಾಡುತ್ತೇವೆ" ಹೋಗಿ "ರದ್ದು ಮಾಡಬೇಕಾಗುತ್ತದೆ" ಆಯಿತು. ಗಡುವು ಸಡಿಲವಾಗಿಲ್ಲ, ಸಿಟ್ಟು ಮಾತ್ರ ಹೋಯಿತು. ಅನ್‌ಲೆಸ್ ಒಳಗೇ ಇಲ್ಲ ಅನ್ನುವುದು ಇದೆ, ಮತ್ತೆ ಡೋಂಟ್ ಸೇರಿಸಬೇಡಿ.

ತೊಗರಿನಾಡು:
ತುಂಬಾ ಉಪಕಾರವಾಯಿತು. ಇನ್ನೂ ಮೆತ್ತಗೆ ಮಾಡಲು "ಇಫ್ ಯು ಪೇಯ್ಡ್, ವಿ ವುಡ್ ಲೋಡ್" ಅಂದರೆ ನಡೆಯುತ್ತದಾ ಸರ್?

ಬೀದರ್ ಮಾಸ್ತರ:
ಇಲ್ಲಿ ಬೇಡಕ್ಕಾ. ಹಾಗೆಂದರೆ ನೀವು ಕೊಡುವುದು ಅನುಮಾನವೇ ಎಂಬ ಧ್ವನಿ ಬರುತ್ತದೆ. ಹಳೇ ಗಿರಾಕಿಗೆ ಅದು ಬೆದರಿಕೆಗಿಂತ ಹೆಚ್ಚು ಚುಚ್ಚುತ್ತದೆ. ಪೇ, ವಿಲ್ ಲೋಡ್ ಇದ್ದರೆ ಅವರ ಮೇಲೆ ನಂಬಿಕೆ ಇಟ್ಟ ಹಾಗಾಗುತ್ತದೆ. ಫ್ರೈಡೇ ಪಕ್ಕದಲ್ಲಿ ತಾರೀಕು, ವೇಳೆ ಎರಡೂ ಹಾಕಿ ಕಳಿಸಿಬಿಡಿ.