ಅಮೆರಿಕದ ಕಾಲೇಜಿನ ಮಾನ್ಯತೆಯನ್ನು ನೀವು ಹೇಗೆ ಪರೀಕ್ಷಿಸಿದಿರಿ? ಅನುಭವವಿದ್ದವರು ದಯವಿಟ್ಟು ಹೇಳಿ

ಬೆಣ್ಣೆನಗರಿ
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಮಗಳು ಬಿ.ಇ. ಮುಗಿಸಿದ್ದಾಳೆ. ಇಲಿನಾಯ್ ರಾಜ್ಯದ ಒಂದು ಚಿಕ್ಕ ಖಾಸಗಿ ಕಾಲೇಜು ಎಂ.ಎಸ್.ಗೆ ಪ್ರವೇಶ ಕೊಟ್ಟಿದೆ. ಇದೇ 15ರೊಳಗೆ 1,000 ಡಾಲರ್ ಮುಂಗಡ ಕಟ್ಟಬೇಕು. ಕಾಲೇಜಿನ ಜಾಲತಾಣದ ತಳಭಾಗದಲ್ಲಿ ಹೈಯರ್ ಲರ್ನಿಂಗ್ ಕಮಿಷನ್ ಎಂಬ ಸಂಸ್ಥೆಯ ಮುದ್ರೆ ಇದೆ. ‘ಮುದ್ರೆ ಇದ್ದ ಮೇಲೆ ಇನ್ನೇನು ನೋಡುತ್ತೀರಿ ಸರ್’ ಎನ್ನುತ್ತಾರೆ ಇಲ್ಲಿಯ ಕನ್ಸಲ್ಟೆಂಟ್. ನನ್ನ ಪ್ರಶ್ನೆ ಎರಡೇ. ಮುದ್ರೆ ಸಾಕೇ? ತರಗತಿ ನಡೆಯುವುದು ಮುಖ್ಯ ಆವರಣದಲ್ಲಲ್ಲ, ಬೇರೆ ಊರಿನಲ್ಲಿ. ಆ ಮಾನ್ಯತೆ ಅಲ್ಲಿಗೂ ಸಲ್ಲುತ್ತದೆಯೇ?

ಮಿಲ್ಪಿಟಸ್ ವಾಸಿ
ಮುದ್ರೆ ಎಂಬ ಪದ ಓದಿದೊಡನೆ ಹೊಟ್ಟೆಯಲ್ಲಿ ಹಳೆಯ ಸಂಕಟ ಎದ್ದಿತು ಸರ್. 2009ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದೆ. ಕಾಲೇಜಿನ ಹೆಸರು ಬೇಡ, ಈಗ ಆ ಕಟ್ಟಡದಲ್ಲಿ ಹಲ್ಲಿನ ಡಾಕ್ಟರರಿದ್ದಾರೆ. ಕಚೇರಿಯ ಗೋಡೆಗೆ ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಒಂದು ಪತ್ರ ತೂಗುಹಾಕಿದ್ದರು. ಮೇಲ್ಗಡೆ ಅಮೆರಿಕ ಸರ್ಕಾರದ ಹದ್ದು. ನಾನು ಕೈಮುಗಿಯುವುದೊಂದು ಬಾಕಿ. ಅದು ವಿದೇಶಿ ವಿದ್ಯಾರ್ಥಿಗಳಿಗೆ ಐ-20 ಎಂಬ ವೀಸಾ ಕಾಗದ ಬರೆದುಕೊಡಲು ವಲಸೆ ಇಲಾಖೆ ಕೊಡುವ ಅನುಮತಿ ಎಂದು ತಿಳಿದದ್ದು ಒಂದೂವರೆ ವರ್ಷದ ಮೇಲೆ. ಮಾನ್ಯತೆಯೇ ಬೇರೆ, ಆ ಅನುಮತಿಯೇ ಬೇರೆ. ಮಾನ್ಯತೆ ಇಲ್ಲದ ಕಾಲೇಜಿಗೂ ಆ ಅನುಮತಿ ಸಿಗುತ್ತಿತ್ತು.

ಲೆಕ್ಕ ಹೇಳುತ್ತೇನೆ, ಬಾಯಿಪಾಠವಾಗಿದೆ. ಮೂರು ಅವಧಿಗೆ ತಲಾ 4,600 ಡಾಲರ್, ಒಟ್ಟು 13,800. ನೋಂದಣಿ 650. ಪ್ರಯೋಗಾಲಯ ಶುಲ್ಕ 350. ಪ್ರಯೋಗಾಲಯವೆಂದರೆ ಆರು ಕಂಪ್ಯೂಟರ್, ಒಂದಕ್ಕೆ ಮೌಸ್ ಇಲ್ಲ. ಅಲ್ಲಿಗೆ 14,800. ಐದು ಜನರ ಮನೆಯಲ್ಲಿ ನನ್ನ ಪಾಲಿನ ಬಾಡಿಗೆ ತಿಂಗಳಿಗೆ 310, ಅದು ಬೇರೆ. ಇದಕ್ಕಾಗಿ ಹಾಸನದ 30-40 ಸೈಟು ಮಾರಿದ್ದೆವು. ಅದರ ಇಂದಿನ ಬೆಲೆ ಎತ್ತಿದರೆ ನನ್ನ ಹೆಂಡತಿ ಆ ದಿನ ಊಟ ಬಡಿಸುವುದಿಲ್ಲ.

2011ರ ಜನವರಿಯಲ್ಲಿ ಪ್ಲೆಸಂಟನ್ನಿನ ಟ್ರೈ-ವ್ಯಾಲಿ ವಿಶ್ವವಿದ್ಯಾಲಯದ ಮೇಲೆ ವೀಸಾ ವಂಚನೆಯ ಆರೋಪದಲ್ಲಿ ವಲಸೆ ಇಲಾಖೆಯ ದಾಳಿಯಾಯಿತು. ನಮ್ಮ ಕಡೆಯ ಹುಡುಗರ ಕಾಲಿಗೆ ರೇಡಿಯೊ ಪಟ್ಟಿ ಕಟ್ಟಿದ್ದನ್ನು ನೀವೆಲ್ಲ ಪತ್ರಿಕೆಯಲ್ಲಿ ನೋಡಿರುತ್ತೀರಿ. ನಾನು ಆ ಕಾಲೇಜಿನವನಲ್ಲ, ಆದರೂ ಆ ವಾರ ನಮ್ಮ ಮನೆಯಲ್ಲಿ ಯಾರೂ ದೀಪ ಹಾಕಲಿಲ್ಲ. ಆಮೇಲೆ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ. ಹಳೆಯ ಕ್ರೆಡಿಟ್‌ಗಳಲ್ಲಿ ಅವರು ಒಪ್ಪಿಕೊಂಡದ್ದು ಸೊನ್ನೆ.

ತುಂಗಾತೀರ
ಸೈಟು ತೆಗೆದುಕೊಳ್ಳುವಾಗ 30 ವರ್ಷದ ಇ.ಸಿ. ತೆಗೆಸುತ್ತೇವೆ, ಪಹಣಿ ನೋಡುತ್ತೇವೆ, ಮ್ಯುಟೇಶನ್ ಕೇಳುತ್ತೇವೆ. ಸೈಟು ಮಾರಿ ಕಾಲೇಜು ಸೇರುವಾಗ ಗೋಡೆಯ ಹದ್ದು ನೋಡಿ ದುಡ್ಡು ಎಣಿಸುತ್ತೇವೆ. ತಪ್ಪು ನಿಮ್ಮದೇ ಅಲ್ಲವೇ ಸರ್?

ನನ್ನ ಕಥೆ ಬೇರೆ. ನಾನು ಮಾನ್ಯ ಕಾಲೇಜುಗಳ ಪಟ್ಟಿ ನೋಡಿದವನು. ಪಟ್ಟಿಯಲ್ಲಿ ಹೆಸರಿತ್ತು, ಆದರೆ ನಾನು ನೋಡಿದ್ದು ಪದವಿ ಕೈಗೆ ಬಂದ ಮೇಲೆ! ನಗಬೇಡಿ. ಸೇರಿದಾಗ ಕಾಲೇಜಿನವರು ‘ಅರ್ಜಿ ಹಾಕಿದ್ದೇವೆ, ಇಂದೋ ನಾಳೆಯೋ ಬರುತ್ತದೆ’ ಎಂದರು. ನನ್ನ ಪದವಿ 2014ರ ಡಿಸೆಂಬರ್‌ನಲ್ಲಿ ಮುಗಿಯಿತು. ಕಾಲೇಜಿಗೆ ‘ಕ್ಯಾಂಡಿಡೇಟ್’ ಸ್ಥಾನ ಸಿಕ್ಕಿದ್ದು 2015ರ ಜೂನ್‌ನಲ್ಲಿ. ಆರು ತಿಂಗಳು! ಪೂರ್ಣ ಮಾನ್ಯತೆ ಇನ್ನೂ ಆಮೇಲೆ. ಸಿಕ್ಕಿತಲ್ಲ, ಇನ್ನೇನು ಎಂದು ನಾನು ಪೇಡ ಹಂಚಿದೆ. 2016ರ ಏಪ್ರಿಲ್‌ನಲ್ಲಿ ಕಂಪನಿಯವರು ಎಚ್-1ಬಿ ಅರ್ಜಿಯನ್ನು ಸ್ನಾತಕೋತ್ತರರ 20,000 ವೀಸಾಗಳ ಕೋಟಾದಲ್ಲಿ ಹಾಕಿದರು. ಲಾಟರಿಯಲ್ಲಿ ಹೆಸರೂ ಬಂತು. ಆಗಸ್ಟ್‌ನಲ್ಲಿ ವಲಸೆ ಇಲಾಖೆಯ ಪ್ರಶ್ನೆ ಬಂತು: ಪದವಿ ಪಡೆದ ದಿನ ಆ ಕಾಲೇಜಿಗೆ ಮಾನ್ಯತೆ ಇತ್ತೇ? ಅಲ್ಲಿಗೆ ಮುಗಿಯಿತು. ನಾನೇ ಹುಡುಕಿಕೊಂಡ ಇನ್ನೊಬ್ಬ ವಕೀಲನಿಗೆ ಗಂಟೆಗೆ 350 ಡಾಲರ್‌ನಂತೆ ಎರಡು ಗಂಟೆಗೆ 700 ಕೊಟ್ಟೆ. ‘ಬೇರೆ ದಾರಿ ಇಲ್ಲ’ ಎನ್ನಲು ಅವನಿಗೆ ನಾಲ್ಕು ನಿಮಿಷ ಸಾಕಾಗಿತ್ತು. 2017ರ ಮೇ ತಿಂಗಳಲ್ಲಿ ಬೇರೆ ಯಾರದೋ ಪ್ರಕರಣದಲ್ಲಿ ಇಲಾಖೆ ಇದನ್ನೇ ಎಲ್ಲರಿಗೂ ಅನ್ವಯಿಸುವ ನಿರ್ಧಾರವಾಗಿ ಹೊರಡಿಸಿತು.

ಆದ್ದರಿಂದ ಪಟ್ಟಿಯಲ್ಲಿ ಹೆಸರು ನೋಡಬೇಡಿ, ತಾರೀಖು ನೋಡಿ. ಫೆಡರಲ್ ಶಿಕ್ಷಣ ಇಲಾಖೆ ನಡೆಸುವ ‘ಡ್ಯಾಪಿಪ್’ ಎಂಬ ದತ್ತಸಂಚಯದಲ್ಲಿ ಪ್ರತಿ ಕಾಲೇಜಿಗೂ ಮಾನ್ಯತೆ ಎಂದಿನಿಂದ, ನಡುವೆ ಏನೇನು ಕ್ರಮ ಆಯಿತು ಎಂದು ಕೊಟ್ಟಿರುತ್ತಾರೆ. ಲಾಭಕ್ಕಾಗಿ ನಡೆಸುವ ಕಾಲೇಜಾದರೆ ಮಾನ್ಯತೆ ಇದ್ದರೂ ಆ 20,000ದ ಕೋಟಾ ಇಲ್ಲ, ಅದನ್ನು ಕನ್ಸಲ್ಟೆಂಟ್‌ಗಳು ಹೇಳುವುದಿಲ್ಲ.

ಮಿಲ್ಪಿಟಸ್ ವಾಸಿ
ಪದವಿ ಸಿಕ್ಕ ಮೇಲೆ ಪಟ್ಟಿ ನೋಡಿದವರು ನನಗೆ ಇ.ಸಿ. ಪಾಠ ಹೇಳುತ್ತಿದ್ದಾರೆ. ಮದುವೆಯಾದ ಮೇಲೆ ಜಾತಕ ತೋರಿಸಿದ ಹಾಗೆ.

ಕೊಡಚಾದ್ರಿ
ಇಬ್ಬರೂ ಸುಮ್ಮನಿರಿ. ಪಟ್ಟಿಯನ್ನು ಸರಿಯಾಗಿ ಓದಿದವರು ಇಲ್ಲಿ ಯಾರಾದರೂ ಇದ್ದರೆ ನಾನೊಬ್ಬಳೇ. ಅಲ್ಲಿ ಕಾಲೇಜುಗಳನ್ನು ಅಳೆಯುವುದು ಸರ್ಕಾರವಲ್ಲ. ಅಳೆಯುವ ಸಂಸ್ಥೆಗಳನ್ನು ಸರ್ಕಾರ ಒಪ್ಪುತ್ತದೆ, ಆ ಸಂಸ್ಥೆಗಳು ಕಾಲೇಜುಗಳನ್ನು ಒಪ್ಪುತ್ತವೆ. ಮಧ್ಯ ಭಾಗಕ್ಕೆ ಷಿಕಾಗೊದ ಹೈಯರ್ ಲರ್ನಿಂಗ್ ಕಮಿಷನ್, ದಕ್ಷಿಣಕ್ಕೆ ಒಂದು, ನ್ಯೂ ಇಂಗ್ಲೆಂಡಿಗೆ ಒಂದು, ಪಶ್ಚಿಮದಲ್ಲಿ ಎರಡು ವರ್ಷದ ಕಾಲೇಜಿಗೆ ಬೇರೆ, ವಿಶ್ವವಿದ್ಯಾಲಯಕ್ಕೆ ಬೇರೆ, ಹೀಗೆ ಒಟ್ಟು ಏಳು. 2020ರ ಜುಲೈನಿಂದ ಪ್ರಾಂತ್ಯದ ಕಟ್ಟು ಹೋಗಿದೆ, ಯಾರು ಯಾರನ್ನಾದರೂ ಅಳೆಯಬಹುದು. ಆದರೂ ಜನ ಇನ್ನೂ ‘ರೀಜನಲ್’ ಎಂದೇ ಕರೆಯುತ್ತಾರೆ.

ನಾನು 2018ರಲ್ಲಿ ಎರಡು ಕಾಲೇಜು ಇಟ್ಟುಕೊಂಡು ಕೂತಿದ್ದೆ. ಒಂದರ ಶುಲ್ಕ ಇನ್ನೊಂದಕ್ಕಿಂತ 6,000 ಡಾಲರ್ ಕಡಿಮೆ. ಎರಡೂ ಮಾನ್ಯವೇ, ಎರಡಕ್ಕೂ ಮುದ್ರೆ ಇತ್ತು. ಆ ಮುದ್ರೆಯನ್ನು ಒತ್ತಿದರೆ ಕಮಿಷನ್ನಿನ ಸ್ವಂತ ಪುಟ ತೆರೆಯಬೇಕು. ತೆರೆಯದೆ ಸುಮ್ಮನೆ ಚಿತ್ರವಾಗಿ ಕೂತಿದ್ದರೆ ಅನುಮಾನ ಪಡಿ. ಕಡಿಮೆ ಶುಲ್ಕದ ಕಾಲೇಜಿನ ಪುಟ ತೆರೆಯಿತು. ಅಲ್ಲಿ ‘ಮಾನ್ಯ’ ಎಂಬುದರ ಪಕ್ಕದಲ್ಲೇ ‘ಆನ್ ನೋಟಿಸ್’ ಎಂಬ ಎರಡು ಪದ. ಕೆಳಗೆ ಪತ್ರ. ರಾತ್ರಿ ಹನ್ನೊಂದಕ್ಕೆ ಓದಲು ಕೂತೆ, ಪಕ್ಕದಲ್ಲಿ ನಿಘಂಟು. ಹಣಕಾಸಿನ ಸ್ಥಿತಿ ಮತ್ತು ಆಡಳಿತ ಮಂಡಳಿಯ ಬಗ್ಗೆ ಎರಡು ಮಾನದಂಡಗಳಲ್ಲಿ ಆತಂಕವಿದೆ ಎಂದಿತ್ತು. ಇದು ಮಾನ್ಯತೆ ಹೋದಂತಲ್ಲ, ಆದರೆ ಪ್ರೊಬೇಶನ್, ಷೋ ಕಾಸ್ ಎಂದು ಮೆಟ್ಟಿಲು ಇಳಿಯುತ್ತಾ ಹೋಗಬಹುದು. ಪಶ್ಚಿಮದ ಸಂಸ್ಥೆಯಂತೂ ತನಿಖಾ ತಂಡದ ವರದಿಯನ್ನೇ ಹಾಕಿಬಿಡುತ್ತದೆ, ಓದುವ ತಾಳ್ಮೆ ಬೇಕು ಅಷ್ಟೇ. ನಾನು ದುಬಾರಿ ಕಾಲೇಜಿಗೇ ಹೋದೆ.

ಅಗ್ಗದ ಕಾಲೇಜಿಗೆ ನನ್ನ ದೊಡ್ಡಮ್ಮನ ಮಗ ಹೋದ. ಎರಡು ವರ್ಷದಲ್ಲಿ ನೋಟಿಸ್ ತೆಗೆದರು, ಅವನಿಗೆ ನನಗಿಂತ ಒಳ್ಳೆಯ ಕೆಲಸ. ಪ್ರತಿ ಯುಗಾದಿಗೂ ಫೋನ್ ಮಾಡಿ ‘ಪತ್ರ ಓದಿದೆಯಾ ಅಕ್ಕ?’ ಎನ್ನುತ್ತಾನೆ. ಆದರೂ ನಾನು ಮಾಡಿದ್ದೇ ಸರಿ.

ಗುಬ್ಬಿಗೂಡು
ಪಟ್ಟಿ, ಪತ್ರ, ಮುದ್ರೆ! ಮಿಷಿಗನ್ನಿನ ‘ಯೂನಿವರ್ಸಿಟಿ ಆಫ್ ಫಾರ್ಮಿಂಗ್ಟನ್’ ಮರೆತಿರಾ? ಅದನ್ನು ನಡೆಸಿದ್ದೇ ವಲಸೆ ಇಲಾಖೆಯ ಗುಪ್ತ ಅಧಿಕಾರಿಗಳು. ತರಗತಿ ಇಲ್ಲ, ಮೇಷ್ಟರಿಲ್ಲ. ಆದರೂ ಸರ್ಕಾರ ಒಪ್ಪಿದ ಒಂದು ಮಾನ್ಯತಾ ಸಂಸ್ಥೆಯ ಪಟ್ಟಿಯಲ್ಲಿ ಅದರ ಹೆಸರಿತ್ತು! 2019ರ ಜನವರಿಯಲ್ಲಿ ಬಯಲಾಯಿತು, ಹಿಡಿದವರಲ್ಲಿ ಬಹುಪಾಲು ನಮ್ಮ ದೇಶದವರು. ಅದಕ್ಕೆ ಮೊದಲು ನ್ಯೂ ಜೆರ್ಸಿಯಲ್ಲೂ ಇಂಥದ್ದೇ ಒಂದು ನಾಟಕ, 2016ರಲ್ಲಿ ತೆರೆಬಿತ್ತು. ಈಗ ಹೇಳಿ ಕೊಡಚಾದ್ರಿ ಮೇಡಂ, ನಿಮ್ಮ ನಿಘಂಟು ಅಲ್ಲಿ ಏನು ಮಾಡುತ್ತಿತ್ತು?

ಕೊಡಚಾದ್ರಿ
ತರಗತಿಯೇ ಇಲ್ಲದ ಕಾಲೇಜಿಗೆ ವರ್ಷಗಟ್ಟಲೆ ಶುಲ್ಕ ಕಟ್ಟಿದವರಿಗೆ ನಿಘಂಟು ಬೇಡ, ಕಣ್ಣು ಸಾಕು. ಅವರಿಗೆ ಬೇಕಾಗಿದ್ದು ಓದಲ್ಲ, ಕೆಲಸ ಮಾಡಲು ಒಂದು ಕಾಗದ.

ಮಿಲ್ಪಿಟಸ್ ವಾಸಿ
ಈ ಮಾತು ಬೇಡ ಮೇಡಂ. ಸರ್ಕಾರವೇ ಬಲೆ ಹೆಣೆದು, ಸರ್ಕಾರವೇ ಪಟ್ಟಿಗೆ ಸೇರಿಸಿ, ಕೊನೆಗೆ ‘ನೀನೇಕೆ ನಂಬಿದೆ’ ಎಂದರೆ ಇಪ್ಪತ್ತೆರಡರ ಹುಡುಗ ಏನು ಮಾಡಬೇಕು? ಸೇರಿದ ಮೇಲೆ ತರಗತಿ ಯಾವಾಗ ಎಂದು ಕೇಳುತ್ತಾ ಕೂತವರೂ ಅದರಲ್ಲಿದ್ದರು. ಮೌಸ್ ಇಲ್ಲದ ಕಂಪ್ಯೂಟರ್ ಮುಂದೆ ನಾನೂ ಕೂತಿದ್ದೆ. ಬಿಟ್ಟುಬಂದರೆ ವೀಸಾ ಹೋಗುತ್ತದೆ, ಇದ್ದರೆ ಮಾನ ಹೋಗುತ್ತದೆ.

ತುಂಗಾತೀರ
ಇದೊಂದರಲ್ಲಿ ಮಿಲ್ಪಿಟಸ್ ಅವರ ಪರ ನಾನು. ಪಟ್ಟಿ ಹಾಕುವ ಸಂಸ್ಥೆಯೇ ಮುಳುಗಬಹುದು. ಕಾಲೇಜುಗಳಿಗೆ ಮಾನ್ಯತೆ ಕೊಡುತ್ತಿದ್ದ ಎಸಿಐಸಿಎಸ್ ಎಂಬ ಸಂಸ್ಥೆಗೆ ಸರ್ಕಾರ 2016ರಲ್ಲಿ ಮನ್ನಣೆ ತೆಗೆಯಿತು, 2018ರಲ್ಲಿ ಮರಳಿ ಕೊಟ್ಟಿತು, 2022ರ ಆಗಸ್ಟ್‌ನಲ್ಲಿ ಕೊನೆಯದಾಗಿ ತೆಗೆಯಿತು. ಅದರ ಕೆಳಗಿದ್ದ ಕಾಲೇಜುಗಳಿಗೆ ಬೇರೆ ನೆರಳು ಹುಡುಕಿಕೊಳ್ಳಲು 18 ತಿಂಗಳು.

ಹಳೆ ಮೇಷ್ಟರು
ಅಮೆರಿಕದ ಮಾತಿನ ನಡುವೆ ಬರುತ್ತಿದ್ದೇನೆ, ಕ್ಷಮೆ ಇರಲಿ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನಮ್ಮ ನ್ಯಾಕ್ 1994ರಲ್ಲಿ ಹುಟ್ಟಿದ್ದು, ಕಚೇರಿ ಬೆಂಗಳೂರಿನ ನಾಗರಬಾವಿಯಲ್ಲೇ ಇದೆ. ನಮ್ಮ ಕಾಲದಲ್ಲಿ ಕಾಲೇಜು ತನ್ನ ಸ್ವಯಂ ಅಧ್ಯಯನ ವರದಿಯನ್ನು ತನ್ನ ಜಾಲತಾಣದಲ್ಲಿ ಹಾಕಲೇಬೇಕಿತ್ತು, ತಪಾಸಣಾ ತಂಡದ ವರದಿಯೂ ಸಾರ್ವಜನಿಕವಾಗಿತ್ತು. ನಾನು ಒಂದು ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ 2017ರಲ್ಲಿ ಸಂಯೋಜಕನಾಗಿದ್ದೆ. ಎಂಟು ತಿಂಗಳು ಮನೆಯ ಮುಖ ನೋಡಲಿಲ್ಲ. ಐದು ವರ್ಷದ ಹಾಜರಿ ಪುಸ್ತಕ, ಸಭೆಯ ನಡವಳಿ, ಎನ್.ಎಸ್.ಎಸ್. ಶಿಬಿರದ ಫೋಟೊ, ಫೋಟೊದಲ್ಲಿ ಬ್ಯಾನರ್, ಬ್ಯಾನರ್‌ನಲ್ಲಿ ತಾರೀಖು. ತಾರೀಖು ಕಾಣದ ಫೋಟೊಕ್ಕೆ ಬೆಲೆ ಇಲ್ಲ. ತಂಡ ಬರುವ ಹಿಂದಿನ ದಿನ ಕಾರಿಡಾರಿನ ಉದ್ದಕ್ಕೂ 40 ಹೂಕುಂಡ ಇಡಿಸಿದೆವು, ಪ್ರತಿಯೊಂದಕ್ಕೂ ಸಸ್ಯಶಾಸ್ತ್ರದ ಹೆಸರಿನ ಚೀಟಿ.

ಬಂದ ಅಂಕ 2.48. ‘ಬಿ’. 2.51 ಬಂದಿದ್ದರೆ ‘ಬಿ ಪ್ಲಸ್’. 0.03! ಯಾವ ಫೋಟೊದಲ್ಲಿ ತಾರೀಖು ಮರೆತೆವೋ ಎಂದು ಇವತ್ತಿಗೂ ನಿದ್ದೆಯಲ್ಲಿ ಹುಡುಕುತ್ತೇನೆ.

ಗುಬ್ಬಿಗೂಡು
ಕೇಳಿದ್ದು ಇಲಿನಾಯ್ ಕಾಲೇಜಿನ ಬಗ್ಗೆ. ಇಲ್ಲಿ ನ್ಯಾಕ್ ಏಕೆ? 2025ರ ಫೆಬ್ರುವರಿಯಲ್ಲಿ ಎ ಪ್ಲಸ್ ಪ್ಲಸ್‌ಗಾಗಿ ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ತಪಾಸಣಾ ತಂಡದವರನ್ನು ಸಿಬಿಐ ಬಂಧಿಸಿತಲ್ಲ, ಅದರ ಬಗ್ಗೆಯೂ ಹೇಳಿ.

ಹಳೆ ಮೇಷ್ಟರು
ಯಾರೋ ಮಾಡಿದ್ದಕ್ಕೆ ನನ್ನ 0.03ಕ್ಕೆ ಉಪ್ಪು ಸವರಬೇಡಿ. ನಾವು ಲಂಚ ಕೊಟ್ಟಿದ್ದರೆ 2.48 ಬರುತ್ತಿತ್ತೇ? ಇನ್ನು ನ್ಯಾಕ್ ಏಕೆಂದರೆ, ನಮ್ಮ ಮೂರು ವರ್ಷದ ಬಿ.ಎಸ್ಸಿ.ಯನ್ನು ಅಲ್ಲಿಯ ನಾಲ್ಕು ವರ್ಷದ ಪದವಿಯ ಜೊತೆ ತೂಗುವಾಗ ವರ್ಲ್ಡ್ ಎಜುಕೇಶನ್ ಸರ್ವಿಸಸ್‌ನವರು ಕಾಲೇಜಿಗೆ ನ್ಯಾಕ್‌ನ ‘ಎ’ ದರ್ಜೆ ಇದೆಯೇ ಎಂದು ನೋಡುತ್ತಿದ್ದರು. ನನ್ನ ಮೂವರು ವಿದ್ಯಾರ್ಥಿಗಳು ಅಲ್ಲೇ ನಿಂತುಹೋದರು. ಬುದ್ಧಿಗೇನೂ ಕಡಿಮೆ ಇರಲಿಲ್ಲ.

ತುಮಕೂರು ತಾಯಿ
ಕಾಲೇಜು ಬಿಡಿ, ಶಾಲೆಯಲ್ಲೇ ನಮ್ಮನ್ನು ಮುಳುಗಿಸಿದರು. ಫಲಕದ ಮೇಲೆ ಆನೆಯಷ್ಟು ದೊಡ್ಡದಾಗಿ ಸಿಬಿಎಸ್‌ಇ. ಅದರ ಕೆಳಗೆ ಇರುವೆ ಸಾಲಿನಂತೆ ‘ಪಠ್ಯಕ್ರಮ ಆಧಾರಿತ’. ಡೊನೇಷನ್ 60,000, ಬಸ್ಸಿಗೆ 18,000, ಬೂಟು ಎರಡು ಜೊತೆ ಅವರ ಅಂಗಡಿಯಲ್ಲೇ. ಎಂಟನೆಯ ತರಗತಿಯಲ್ಲಿ ತಿಳಿಯಿತು, ಅಫಿಲಿಯೇಷನ್ನೇ ಇಲ್ಲ, ಹತ್ತನೆಯದಕ್ಕೆ ರಾಜ್ಯದ ಪರೀಕ್ಷೆ ಬರೆಯಬೇಕು ಎಂದು. ಸಿಬಿಎಸ್‌ಇ ಜಾಲತಾಣದಲ್ಲಿ ಶಾಲೆಯ ಅಫಿಲಿಯೇಷನ್ ಸಂಖ್ಯೆ ಹಾಕಿ ಹುಡುಕಿದ್ದರೆ ಎರಡು ನಿಮಿಷದ ಕೆಲಸ. ಸಂಖ್ಯೆ ಕೇಳಿದ್ದಕ್ಕೆ ಮುಖ್ಯೋಪಾಧ್ಯಾಯಿನಿ ‘ನಂಬಿಕೆ ಇಲ್ಲವೇ ಅಮ್ಮ?’ ಎಂದಿದ್ದರು. ನಾನು ನಾಚಿಕೊಂಡು ಎದ್ದುಬಂದೆ.

ಬೆಣ್ಣೆನಗರಿ
ಎಲ್ಲರಿಗೂ ಧನ್ಯವಾದ. ಮುದ್ರೆ ಒತ್ತಿದೆ, ಕಮಿಷನ್ನಿನ ಪುಟ ತೆರೆಯಿತು. ಕಾಲೇಜು ಮಾನ್ಯ, ನೋಟಿಸ್ ಏನೂ ಇಲ್ಲ. ಆಮೇಲೆ ಡ್ಯಾಪಿಪ್ ನೋಡಿದೆ. ಮುಖ್ಯ ಆವರಣದ ಕೆಳಗೆ ಇತರ ಸ್ಥಳಗಳೆಂದು ಮೂರು ವಿಳಾಸಗಳಿವೆ. ಪ್ರವೇಶ ಪತ್ರದಲ್ಲಿರುವ ಊರು ಆ ಮೂರರಲ್ಲಿ ಇಲ್ಲ. ಕಾಲೇಜಿಗೂ ಕಮಿಷನ್ನಿಗೂ ಇಮೇಲ್ ಹಾಕಿದ್ದೇನೆ. ಅಲ್ಲಿ ಈಗ ರಾತ್ರಿ. ಕನ್ಸಲ್ಟೆಂಟ್ ಫೋನ್ ಎತ್ತುತ್ತಿಲ್ಲ. ಹೊಸ ಸ್ಥಳ ಪಟ್ಟಿಗೆ ಸೇರಲು ಎಷ್ಟು ದಿನ ಹಿಡಿಯುತ್ತದೆ, ಯಾರಿಗಾದರೂ ಗೊತ್ತೇ?

ಹಳೆ ವಿದ್ಯಾರ್ಥಿನಿ
ಹಳೆ ಮೇಷ್ಟರೇ, ನಮಸ್ಕಾರ. ಚೀಟಿ ಹಚ್ಚಿದ ಕುಂಡ ಎಂದೊಡನೆ ಗುರುತು ಸಿಕ್ಕಿತು, ನಾನು ಆಗ ಎರಡನೆಯ ಬಿ.ಎಸ್ಸಿ. ಆ ಕುಂಡಗಳನ್ನು ನೀವು ಇಡಿಸಿದ್ದಲ್ಲ ಸರ್, ನಮ್ಮ ನಮ್ಮ ಮನೆಗಳಿಂದ ತರಿಸಿದ್ದು. ನಾನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹದಿನಾಲ್ಕು ಕಿಲೋಮೀಟರ್ ತಂದೆ, ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದ. ಆ ಕೆಂಪು ದಾಸವಾಳದ ಕುಂಡ ಇನ್ನೂ ಮನೆಗೆ ಬಂದಿಲ್ಲ, ನಮ್ಮಮ್ಮ ಈಗಲೂ ಕೇಳುತ್ತಾರೆ.

ಹಳೆ ಮೇಷ್ಟರು
ಕುಂಡದ ಅಡಿಯಲ್ಲಿ ಹೆಸರು ಬರೆದಿತ್ತೇನಮ್ಮ?