ಅಪ್‌ಡೇಟ್: ತಮ್ಮನ ತಲೆಯೊಳಗಿನ ರೆಕಾರ್ಡಿಂಗ್ ಮುಗಿಯಿತು

ದಾವಣಗೆರೆಯಿಂದ ಕೇಳಿದ್ದೆ: ತಮ್ಮನ ಫಿಟ್ಸ್ ಮಾತ್ರೆಗೆ ನಿಲ್ಲುತ್ತಿಲ್ಲ, ಎಂಆರ್‌ಐ ಆಗಿದೆ, ಮತ್ತೆ ತಲೆಯೊಳಗೆ ಎಲೆಕ್ಟ್ರೋಡ್ (ಮೆದುಳಿನ ವಿದ್ಯುತ್ ಸಂಕೇತ ಹಿಡಿಯುವ ತಂತಿ) ಯಾಕೆ ಅಂತ. ಬೆಂಗಳೂರಿನಲ್ಲಿ ಅದೂ ಆಯಿತು.

ಎಂಆರ್‌ಐ ಮೆದುಳಿನ ಚಿತ್ರ ತೋರಿಸುತ್ತದೆ, ಅಷ್ಟೇ. ಫಿಟ್ಸ್ ಎಲ್ಲಿಂದ ಹೊರಡುತ್ತದೆ ಅನ್ನೋದನ್ನು ಅದು ಬರುವಾಗಲೇ ಹಿಡಿಯಬೇಕು. ತಲೆಯ ಹೊರಗಿನಿಂದ ಮೆದುಳಿನ ವಿದ್ಯುತ್ ಸಂಕೇತ ದಾಖಲಿಸುವ ಇಇಜಿಯಲ್ಲಿ ಆಳದ ಜಾಗ ಸ್ಪಷ್ಟವಾಗಲಿಲ್ಲ. ಅದಕ್ಕೇ ತಲೆಬುರುಡೆಯಲ್ಲಿ ಸಣ್ಣ ತೂತು ಮಾಡಿ ತೆಳುವಾದ ಎಲೆಕ್ಟ್ರೋಡ್ ಇಳಿಸಿದರು. ಮಾತ್ರೆ ಕಡಿಮೆ ಮಾಡಿ ಫಿಟ್ಸ್ ಬರಲೆಂದು ಕಾದರು. ಅಮ್ಮನಿಗೆ ಇದೇ ಜಾಸ್ತಿ ಸಂಕಟ. (ಮನೆಯಲ್ಲಿ ಯಾರೂ ಹೀಗೆ ಮಾತ್ರೆ ಇಳಿಸಬೇಡಿ.)

ಆಮೇಲೆ ಅದೇ ಎಲೆಕ್ಟ್ರೋಡ್‌ಗೆ ಸಣ್ಣ ಕರೆಂಟ್ ಕೊಟ್ಟು ಅವನನ್ನು ಮಾತಾಡಿಸಿದರು. ಮಾತು ತಡವರಿಸಿದರೆ ಅದು ಮಾತಿಗೆ ಬೇಕಾದ ಜಾಗ, ಆಪರೇಷನ್‌ನಲ್ಲಿ ಅದನ್ನು ಉಳಿಸಬೇಕು. ಫಿಟ್ಸ್ ಶುರುವಾಗುವ ಜಾಗ ಸಿಕ್ಕಿದೆ, ಮಾತಿನ ಜಾಗದಿಂದ ದೂರವಿದೆ. ಆ ಫಿಟ್ಸ್ ಜಾಗ ತೆಗೆಯುವ ಆಪರೇಷನ್‌ಗೆ ಒಪ್ಪಿದ್ದೇವೆ.